ಸ್ಪಷ್ಟನೆ: ಡಿಸ್ಕ್ ಜಾರಿದವರಿಗೆ ಆರು ವಾರದ ಹಲಗೆವಾಸ ಬೇಕಿಲ್ಲ

‘ಸೊಂಟದ ಡಿಸ್ಕ್ ಜಾರಿದರೆ ಆರು ವಾರ ಮರದ ಹಲಗೆಯ ಮೇಲೆ ಅಲುಗಾಡದೆ ಮಲಗಿ, ಶಸ್ತ್ರಚಿಕಿತ್ಸೆಗೆ ಒಪ್ಪಿದರೆ ಕಾಲು ಬಿದ್ದುಹೋಗುವುದು ಖಚಿತ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು. (ಡಿಸ್ಕ್ ಎಂದರೆ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ.)

ಹಲಗೆಯ ಸಲಹೆಯನ್ನು ಒಂದು ಕಾಲಕ್ಕೆ ವೈದ್ಯರೇ ಕೊಡುತ್ತಿದ್ದರು; ಅಜ್ಜಂದಿರನ್ನು ದೂರುವಂತಿಲ್ಲ. ಈಗಿನ ತಿಳಿವಳಿಕೆ ಬೇರೆ. ನೋವು ತೀರಾ ಹೆಚ್ಚಿದ್ದಾಗ ಒಂದೆರಡು ದಿನ ಮಲಗಿದರೆ ಸಾಕು. ಆಮೇಲೂ ಮಲಗಿಯೇ ಇದ್ದರೆ ಸ್ನಾಯುಗಳು ಸೊರಗಿ ಚೇತರಿಕೆ ತಡವಾಗುತ್ತದೆ. ದೀರ್ಘಕಾಲದ ಸೊಂಟನೋವಿನವರ ಮೇಲೆ ಸ್ಪೇನಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ಹೆಚ್ಚು ಹಿತ ನೀಡಿತ್ತು.

ಡಿಸ್ಕ್‌ನಿಂದ ಕಾಲಿಗೆ ಇಳಿಯುವ ನೋವು ಬಹುತೇಕರಲ್ಲಿ 6ರಿಂದ 12 ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ತಗ್ಗುತ್ತದೆ. ತಗ್ಗದಿದ್ದರೆ ನರವನ್ನು ಒತ್ತುತ್ತಿರುವ ಡಿಸ್ಕ್‌ನ ಚೂರನ್ನು ತೆಗೆಯುತ್ತಾರೆ. ಅಪಾಯ ಇಲ್ಲವೆಂದಲ್ಲ, ಆದರೆ ಕಾಲು ಸ್ವಾಧೀನ ತಪ್ಪುವುದು ಅಪರೂಪ.

ಮಾತ್ರೆಗಳ ಬಗ್ಗೆಯೂ ಭ್ರಮೆ ಬೇಡ. ಹಠಾತ್ ಸೊಂಟನೋವಿಗೆ ಪ್ಯಾರಾಸಿಟಮಾಲ್ ಔಷಧವೇ ಇಲ್ಲದ ಹುಸಿಮಾತ್ರೆಗಿಂತ ಮೇಲಲ್ಲವೆಂದು 2014ರಲ್ಲಿ ಆಸ್ಟ್ರೇಲಿಯಾದ ಪ್ರಯೋಗವೊಂದು ತೋರಿಸಿತು. ಐಬುಪ್ರೊಫೇನ್ ತುಸು ನೆರವಾಗುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಐಬುಪ್ರೊಫೇನ್ ನುಂಗಬಾರದು.

ಸಂದೇಶ ಹೇಳದೇ ಬಿಟ್ಟಿರುವುದೇ ಮುಖ್ಯ: ಮೂತ್ರ ಕಟ್ಟಿದರೆ, ಗುದದ್ವಾರದ ಸುತ್ತ ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮರದಿಂದಲೋ ಬೈಕಿನಿಂದಲೋ ಬಿದ್ದವರಿಗೆ ಎಕ್ಸ್‌ರೇ ಆಗುವ ಮುನ್ನ ಎಣ್ಣೆ ಹಚ್ಚಿ ತಿಕ್ಕಬೇಡಿ, ಮೂಳೆ ಮುರಿದಿರಬಹುದು.