ಗಲ್ಲಾದ ಹಿಂದಿನ ಬಹಿರಂಗ ಗುಟ್ಟು

ಮುಂಬಯಿಯ ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮವರು ನಡೆಸುವ ಹೋಟೆಲುಗಳ ಗಲ್ಲಾದ ಹಿಂದೆ ಇಣುಕಿದರೆ ಭದ್ರತೆಯ ಎರಡು ಯುಗಗಳು ಒಂದೇ ಗೋಡೆಗೆ ಆತುಕೊಂಡಿರುವುದು ಕಾಣುತ್ತದೆ. ಕೆಳಗೆ ಉಕ್ಕಿನ ತಿಜೋರಿಯಿದ್ದು, ಅದರ ಕೀಲಿಕೈ ಧಣಿಗಳ ಸೊಂಟ ಬಿಟ್ಟು ಕದಲುವುದಿಲ್ಲ. ಸ್ವಂತ ಅಳಿಯ ಕೇಳಿದರೂ ಸಿಗುವುದಿಲ್ಲ. ಮೇಲೆ ತೂಗುವ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ನಡುವೆ ಉಳಿದ ಜಾಗದಲ್ಲಿ ಬ್ಯಾಂಕು, ಜಿಎಸ್‌ಟಿ, ಭವಿಷ್ಯನಿಧಿ, ಆಹಾರ ಪರವಾನಗಿಗಳ ಪಾಸ್‌ವರ್ಡುಗಳು ನೀಲಿ ಶಾಯಿಯಲ್ಲಿ ರಾರಾಜಿಸುತ್ತವೆ. ತಿಜೋರಿಯೊಳಗೆ ಇರುವುದು ಆ ದಿನದ ಗಳಿಕೆ. ಕ್ಯಾಲೆಂಡರಿನ ಮೇಲಿರುವುದು ಇಡೀ ವ್ಯಾಪಾರ.

ಇದಕ್ಕಾಗಿ ಧಣಿಗಳನ್ನು ದೂರುವುದು ಅನ್ಯಾಯವಾದೀತು. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಲೇಬೇಕು, ಹಳೆಯದನ್ನು ಮತ್ತೆ ಬಳಸಕೂಡದು, ಕೆಲವು ತಿಂಗಳಿಗೊಮ್ಮೆ ಬದಲಾಯಿಸದಿದ್ದರೆ ಬಾಗಿಲು ಬಂದ್ ಎಂದು ಹತ್ತಾರು ಜಾಲತಾಣಗಳು ಏಕಕಾಲಕ್ಕೆ ಗದರಿಸುವಾಗ, ಈ ಸಕಲ ಷರತ್ತುಗಳಿಗೂ ತಲೆಬಾಗುವ 'ದುರ್ಗಾ@123' ಎಂಬ ಮಂತ್ರವನ್ನು ಕಂಡುಕೊಂಡದ್ದೇ ದೊಡ್ಡ ಸಾಧನೆ. ಗಡುವು ಬಂದಾಗ ಅದು 124 ಆಗುತ್ತದೆ. ಕಳ್ಳನಿಗೂ ಅಷ್ಟು ಲೆಕ್ಕ ಬರುತ್ತದೆ ಎಂಬುದು ನಿಯಮ ಮಾಡಿದವರಿಗೆ ಹೊಳೆಯಲಿಲ್ಲ.

ಹೊಳೆಯಲಿಲ್ಲ ಎಂದರೂ ತಪ್ಪಾದೀತು. ಇಂಥ ನಿಯಮಗಳನ್ನು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್‌ಗಾಗಿ 2003ರಲ್ಲಿ ಬರೆದ ಬಿಲ್ ಬರ್ ಅವರೇ, ನಿವೃತ್ತರಾದ ಮೇಲೆ, 2017ರಲ್ಲಿ ಅದಕ್ಕಾಗಿ ವಿಷಾದಿಸಿದರು. ಅದೇ ವರ್ಷ ನಿಸ್ಟ್ ಕೂಡ, ಸೋರಿಕೆಯ ಕುರುಹಿಲ್ಲದೆ ಪಾಸ್‌ವರ್ಡ್ ಬದಲಿಸುವಂತೆ ಪೀಡಿಸಬೇಡಿ, ಬೇಕಾದಷ್ಟು ಉದ್ದವಿರಲು ಬಿಡಿ, ಪೇಸ್ಟ್ ಮಾಡುವುದನ್ನು ತಡೆಯಬೇಡಿ ಎಂದಿತು. ನಮ್ಮ ಜಾಲತಾಣಗಳಿಗೆ 2003ರ ಪ್ರತಿ ತಲುಪಿದೆ. 2017ರದ್ದು ಇನ್ನೂ ಟಪಾಲಿನಲ್ಲಿದೆ.

ಎಲ್ಲ ಪಾಸ್‌ವರ್ಡುಗಳನ್ನೂ ಒಂದೇ ಬೀಗದೊಳಗೆ ಕಾಪಿಡುವ ತಂತ್ರಾಂಶವಾದ ಪಾಸ್‌ವರ್ಡ್ ಮ್ಯಾನೇಜರ್ ಎಂಬ ಉಪಾಯವನ್ನು ಹೇಳಹೊರಟರೆ, ಧಣಿಗಳು ಆ ಕ್ಯಾಲೆಂಡರಿಗೇ ಒರಗಿ ನಿಂತು, "ಎಲ್ಲ ಗುಟ್ಟೂ ಒಂದೇ ಕಡೆ ಇಡುವುದಾ ಮಾರಾಯ? ಯಾರಾದರೂ ನೋಡಿದರೆ?" ಎಂದು ಗಾಬರಿಯಾಗುತ್ತಾರೆ. ಭಯ ಪೂರ್ತಿ ಸುಳ್ಳಲ್ಲ. 2022ರಲ್ಲಿ ಇಂಥದೇ ತಂತ್ರಾಂಶ ಒದಗಿಸುವ ಲಾಸ್ಟ್‌ಪಾಸ್ ಕಂಪನಿಯಿಂದ ಗ್ರಾಹಕರ ಗುಟ್ಟಿನ ಪೆಟ್ಟಿಗೆಗಳ ನಕಲನ್ನೇ ಕಳ್ಳರು ಹೊತ್ತೊಯ್ದರು. ಆದರೆ ಪೆಟ್ಟಿಗೆಯೊಳಗಿನ ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದುದರಿಂದ, ಪೆಟ್ಟಿಗೆಯನ್ನೇ ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಉದ್ದವಾಗಿ, ಊಹೆಗೆ ನಿಲುಕದಂತೆ ಇದ್ದವರದನ್ನು ಒಡೆಯುವುದು ಸುಲಭವಲ್ಲ. ಅಲ್ಲಿಯೂ ದುರ್ಗೆಯನ್ನೇ ಕೂರಿಸಿದವರಿಗೆ ಮಾತ್ರ ಆಕೆಯೇ ಗತಿ. ಇಂಥ ತಂತ್ರಾಂಶ ಬಿಟ್‌ವಾರ್ಡನ್ ಆಗಲಿ ಕೀಪಾಸ್ ಆಗಲಿ, ನೆನಪಿಡಬೇಕಾದದ್ದು ಆ ಒಂದು ಮಾಸ್ಟರ್ ಪಾಸ್‌ವರ್ಡನ್ನೇ. ಮಿಕ್ಕವನ್ನು ತಂತ್ರಾಂಶವೇ ಹುಟ್ಟಿಸಿ ಕಾಪಾಡುತ್ತದೆ, ಮತ್ತು ಬ್ಯಾಂಕಿನ ವೇಷ ತೊಟ್ಟ ನಕಲಿ ತಾಣ ಎದುರಾದರೆ, ವಿಳಾಸ ಹೊಂದದ ಕಾರಣ ಬ್ರೌಸರಿನಲ್ಲಿ ತಾನಾಗಿ ತುಂಬದೆ ಸುಮ್ಮನಿರುತ್ತದೆ. ಈ ವಿವೇಕ ಮಧ್ಯಾಹ್ನದ ಊಟದ ಗದ್ದಲದಲ್ಲಿ ಯಾವ ಮನುಷ್ಯನಿಗೂ ಇರುವುದಿಲ್ಲ.

ಹಾಗೂ ಹೀಗೂ ಒಪ್ಪಿ, ಇಪ್ಪತ್ತು ಅಕ್ಷರದ ಪಾಸ್‌ವರ್ಡ್ ಮಾಡಿಕೊಂಡು ಜಾಲತಾಣಕ್ಕೆ ಹೋದರೆ, 'ನಿಮ್ಮ ಸುರಕ್ಷತೆಗಾಗಿ ಇಲ್ಲಿ ಪೇಸ್ಟ್ ಮಾಡುವಂತಿಲ್ಲ' ಎಂಬ ಉತ್ತರ ಬರುತ್ತದೆ. ಪರದೆಯ ಮೇಲೆ ಅಕ್ಷರಗಳ ಜಾಗ ಅದಲುಬದಲಾದ ಕೀಬೋರ್ಡು ಮೂಡುತ್ತದೆ. ಹೋಟೆಲಿನ ಮ್ಯಾನೇಜರ್ ಕನ್ನಡಕ ಏರಿಸಿ ಒಂದೊಂದನ್ನೇ ಹುಡುಕಿ ಒತ್ತುತ್ತಿದ್ದರೆ, ಧಣಿಗಳು ಮೊಬೈಲ್ ಹಿಡಿದು "ಸಣ್ಣ ಕ್ಯೂ, ಡಾಲರ್, ಏಳು, ದೊಡ್ಡ ಎಂ" ಎಂದು ಇಡೀ ಹೋಟೆಲಿಗೆ ಕೇಳುವಂತೆ ಓದಿ ಹೇಳುತ್ತಾರೆ. ಇಡ್ಲಿಯ ಮುಂದೆ ಕುಳಿತ ಗಿರಾಕಿಯೊಬ್ಬರು, "ಡಾಲರ್ ಆದ ಮೇಲೆ ಏಳಾ, ಒಂದಾ?" ಎಂದು ಸಹಾಯಕ್ಕೆ ಬರುತ್ತಾರೆ. ಮೂರನೆಯ ತಪ್ಪಿಗೆ ಖಾತೆ ಲಾಕ್ ಆಗುತ್ತದೆ.

ಅಷ್ಟರಲ್ಲಿ ಸಿಎ ಆಫೀಸಿನ ಹುಡುಗ ರಿಟರ್ನ್ ತುಂಬಲು ಇವತ್ತೇ ಕೊನೆಯ ದಿನವೆಂದು ನೆನಪಿಸುತ್ತಾನೆ. ಸಂಜೆಯೊಳಗೆ ಹೊಸ ಪಾಸ್‌ವರ್ಡ್ ಹುಟ್ಟಿ, ಹೋಟೆಲಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಪ್ರಕಟವಾಗುತ್ತದೆ. ಎಲ್ಲರಿಗಿಂತ ಮೊದಲು ಹೆಬ್ಬೆರಳೆತ್ತಿ ಮೆಚ್ಚುಗೆ ಸೂಚಿಸುವವನು ಹಿಂದಿನ ಮ್ಯಾನೇಜರ್. ಕಳೆದ ವರ್ಷ ಜಗಳವಾಡಿ ಕೆಲಸ ಬಿಟ್ಟು ಹೋದವನು ಈಗ ಎದುರು ಫುಟ್‌ಪಾತಿನಲ್ಲಿ ಸ್ವಂತ ಹೋಟೆಲು ಇಟ್ಟಿದ್ದಾನೆ.