ಬಾರದವರಿಗೂ ಬಸ್ ಚಾರ್ಜು

ರಸ್ತೆ ಅಗೆದರು. ಯಾರು ಅಗೆದರು ಅಂತ ಕೇಳಬೇಡಿ, ಬೆಂಗಳೂರಿನಲ್ಲಿ ಹಾಗೆ ಕೇಳುವುದು ಮರ್ಯಾದೆಯಲ್ಲ. ಕೇಬಲ್ ತುಂಡಾಯಿತು, ಬೀದಿಯ ಫೋನು, ಇಂಟರ್‌ನೆಟ್ ಎಲ್ಲ ಮಲಗಿದವು. ಕಂಪನಿಯ ಹುಡುಗರು ಬಂದು ಗುಂಡಿಯಲ್ಲೇ ಕೂತು ಜಾಯಿಂಟ್ ಹಾಕಿ ಹೋದರು. ನಮ್ಮ ಗೇಟು ಕೂಡ ಮುಟ್ಟಲಿಲ್ಲ. ಮುಂದಿನ ಬಿಲ್ಲಿನಲ್ಲಿ ಮಾತ್ರ ರಿಪೇರಿ ಶುಲ್ಕ 300 ರೂಪಾಯಿ.

ಅದರ ಮೇಲೆ ಶೇ 18 ಜಿಎಸ್‌ಟಿ. 27 ರೂಪಾಯಿ ಕೇಂದ್ರಕ್ಕೆ, 27 ರಾಜ್ಯಕ್ಕೆ. ತೆರಿಗೆ ಪಾಲಿಗೆ ವರ್ಷವಿಡೀ ಕಿತ್ತಾಡುವ ಇಬ್ಬರೂ ನಮ್ಮ ಗುಂಡಿಯ ವಿಷಯದಲ್ಲಿ ಎಷ್ಟು ಅನ್ಯೋನ್ಯವಾಗಿದ್ದಾರೆ ನೋಡಿ!

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ.

‘ಅದು ವಿಸಿಟ್ ಚಾರ್ಜ್ ಸರ್.’

‘ಮನೆಗೆ ಯಾರೂ ಬಂದಿಲ್ಲವಲ್ಲಮ್ಮಾ?’

‘ಸಿಸ್ಟಮ್‌ನಲ್ಲಿ ಬಂದಿದ್ದಾರೆ ಸರ್.’

ಸಿಸ್ಟಮ್‌ನಲ್ಲಿ ಬಂದವರಿಗೆ ಕಾಫಿಯನ್ನೂ ಸಿಸ್ಟಮ್‌ನಲ್ಲೇ ಕೊಡಬೇಕಿತ್ತೇನೋ. ಆ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ. ಫೋನ್ ಇಟ್ಟ ಮೇಲೆ ಮೆಸೇಜ್ ಬಂತು: ನಿಮ್ಮ ದೂರು ಬಗೆಹರಿದಿದೆ. ಯಾರಿಗೆ ಬಗೆಹರಿಯಿತು ಅಂತ ಅದರಲ್ಲಿ ಇರಲಿಲ್ಲ.

ಇಲ್ಲಿಗೆ ಬಿಡಬಾರದು, ಮೇಲ್ಮನವಿ ಇದೆ. ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದ ಪ್ರಕಾರ 39 ದಿನದಲ್ಲಿ ತೀರ್ಮಾನ ಹೇಳಬೇಕು. ಅದೇನು 39? ಮಂಡಲ ಅಂದರೆ 48 ದಿನ, ಅಯ್ಯಪ್ಪನ ವ್ರತಕ್ಕೆ 41. ಟೆಲಿಫೋನ್ ವ್ರತಕ್ಕೆ ಎರಡು ದಿನ ರಿಯಾಯಿತಿ ಕೊಟ್ಟಿದ್ದಾರೆ. ಮೇಲ್ಮನವಿ ಕೇಳುವವರೂ ಅದೇ ಕಂಪನಿಯವರು ಕೂರಿಸಿದವರೇ. ನೇರವಾಗಿ ಟ್ರಾಯ್‌ಗೇ ಬರೆಯೋಣ ಅಂದರೆ, ಒಬ್ಬೊಬ್ಬರ ದೂರು ವಿಚಾರಿಸುವುದು ಅವರ ಕೆಲಸವಲ್ಲವಂತೆ.

ಆದರೂ ನಾವು ಪುಣ್ಯವಂತರು. 2009ರಲ್ಲಿ ಸುಪ್ರೀಂ ಕೋರ್ಟ್, ಫೋನ್ ಬಿಲ್ ಜಗಳಕ್ಕೆ ಗ್ರಾಹಕ ವೇದಿಕೆಗೆ ಹೋಗುವಂತಿಲ್ಲ ಅಂದಿತ್ತು. 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿ 7ಬಿ ಅಂತ ಒಂದು ಸೆಕ್ಷನ್. ಅದರ ಪ್ರಕಾರ ಕೇಂದ್ರ ಸರ್ಕಾರ ನೇಮಿಸಿದ ಪಂಚರೇ ನ್ಯಾಯ ಹೇಳಬೇಕಿತ್ತು. 300 ರೂಪಾಯಿಗೆ ದಿಲ್ಲಿಯಿಂದ ಪಂಚರು! 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆಯೇ ನಿಂತುಹೋಯಿತು. ಅಜ್ಜ ಸತ್ತ ಸುದ್ದಿ ತರುತ್ತಿದ್ದ ತಂತಿ ತಾನೇ ಸತ್ತಿತು, ಅದರ ಕಾಯ್ದೆ ಮಾತ್ರ ಕಂಪನಿಗಳಿಗೆ ಕಾವಲು ಕಾಯುತ್ತಾ ಗಟ್ಟಿಮುಟ್ಟಾಗಿತ್ತು. ಗ್ರಾಹಕ ಆಯೋಗಕ್ಕೂ ಹೋಗಬಹುದು ಅಂತ ಅದೇ ಕೋರ್ಟ್ ಹೇಳಿದ್ದು 2022ರಲ್ಲಿ. ಈಗ 5 ಲಕ್ಷದೊಳಗಿನ ವ್ಯವಹಾರವಾದರೆ ಅಲ್ಲಿ ದೂರು ಕೊಡಲು ಶುಲ್ಕವೂ ಇಲ್ಲ.

ಶುಲ್ಕ ಇಲ್ಲ, ಸರಿ. ರಜೆ ಹಾಕಬೇಕು, ಜೆರಾಕ್ಸ್ ಮಾಡಿಸಬೇಕು, ತಾರೀಕಿನ ಮೇಲೆ ತಾರೀಕು ಕಾಯಬೇಕು. ಇದು ಕಂಪನಿಗೂ ಚೆನ್ನಾಗಿ ಗೊತ್ತು. 3,000 ಹಾಕಿದರೆ ಬೀದಿಯವರೆಲ್ಲ ಸೇರಿ ಆಫೀಸಿನ ಮುಂದೆ ಕೂರುತ್ತಾರೆ. 300 ಅಂದರೆ ‘ಹೋಗ್ಲಿ ಬಿಡಿ’ ಅನ್ನುತ್ತಾರೆ. ಆ ‘ಹೋಗ್ಲಿ ಬಿಡಿ’ಯನ್ನೇ ಅಳೆದು ತೂಗಿ ಬಿಲ್ಲು ಮಾಡಿದ್ದಾರೆ. ಅವರದೇ ಕೇಬಲ್, ಯಾರೋ ಕಡಿದದ್ದು, ಅವರೇ ಜೋಡಿಸಿಕೊಂಡದ್ದು. ನಮ್ಮ ಕಡೆಯಿಂದ ಆದದ್ದು ಏನು? ಫೋನ್ ಇಲ್ಲದೆ ಸುಮ್ನೆ ಕೂತಿದ್ದೆವು, ಅಷ್ಟೇ. ನಿಜಕ್ಕೂ ಸಾಕಾಗಿದೆ ಸ್ವಾಮಿ.

ಪಕ್ಕದ ಮನೆಯವರ ಬಿಲ್ಲಿನಲ್ಲೂ ಅದೇ 300 ಇದೆ. ಗುಂಡಿ ಒಂದೇ, ಜಾಯಿಂಟ್ ಒಂದೇ, ವಿಸಿಟ್ ಮಾತ್ರ ಮನೆಗೊಂದು.