ಜ್ಯೂರಿ ಕೂಲಿಯ ಇಪ್ಪತ್ತು ಡಾಲರ್

ಟೆಕ್ಸಾಸ್‌ಗೆ ಬಂದು ಹದಿನೆಂಟು ವರ್ಷವಾದ ಮೇಲೆ, ಪೌರತ್ವ ಸಿಕ್ಕಿ ಐದು ವರ್ಷವಾದ ಮೇಲೆ, ಕಳೆದ ವರ್ಷ ನನಗೆ ಮೊದಲ ಬಾರಿ ಜ್ಯೂರಿ ಸಮನ್ಸ್ ಬಂದಿತು, ಅಂದರೆ ವಿಚಾರಣೆ ಕೇಳಿ ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡದಲ್ಲಿ ಕೂರಲು ನ್ಯಾಯಾಲಯದ ಕರೆ. ಬೆಳಗ್ಗೆ ಎಂಟಕ್ಕೆ ಕೌಂಟಿ (ಇಲ್ಲಿನ ಜಿಲ್ಲೆ) ನ್ಯಾಯಾಲಯದ ದೊಡ್ಡ ಹಾಲ್‌ನಲ್ಲಿ ನೂರಾರು ಜನರ ನಡುವೆ ಹೋಗಿ ಕುಳಿತೆ. ಪಕ್ಕದಲ್ಲಿ ಒಬ್ಬ ಪ್ಲಂಬರ್, ಮುಂದಿನ ಸಾಲಿನಲ್ಲಿ ನಿವೃತ್ತ ಶಿಕ್ಷಕಿ. ಮಧ್ಯಾಹ್ನದ ಹೊತ್ತಿಗೆ ಬೇಕಾದ ಹನ್ನೆರಡು ಮಂದಿ ಸಿಕ್ಕರು, ನಮ್ಮನ್ನು ಮನೆಗೆ ಕಳುಹಿಸಿದರು. ವಿಚಾರಣೆಯಲ್ಲಿ ಕೂರುವ ಅವಕಾಶ ಸಿಗಲಿಲ್ಲ. ಆದರೆ ಅಂದು ಕೈಗೆ ಬಂದ ಒಂದು ಹಾಳೆ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಇಲ್ಲಿ ಜ್ಯೂರಿಗೆ ಹಾಜರಾದವರಿಗೆ ಮೊದಲ ದಿನ ಕನಿಷ್ಠ 20 ಡಾಲರ್, ಮುಂದುವರಿದರೆ ದಿನಕ್ಕೆ 58 ಡಾಲರ್ ಕೊಡುತ್ತಾರೆ. 2023ರ ಸೆಪ್ಟೆಂಬರ್‌ಗೆ ಮೊದಲು ಮೊದಲ ದಿನದ ಕನಿಷ್ಠ ಕೂಲಿ ಬರೀ 6 ಡಾಲರ್ ಇತ್ತು. ಈ ಹಣವನ್ನು ಪೂರ್ತಿಯಾಗಿಯೋ ಭಾಗಶಃವೋ ದಾನ ಮಾಡುವಿರಾ ಎಂದು ಕೇಳುವ ಫಾರಂ ಅನ್ನು ಪ್ರತಿಯೊಬ್ಬ ಜ್ಯೂರರ್ ಕೈಗೂ ಕೊಡಬೇಕೆಂದು ರಾಜ್ಯದ ಕಾನೂನೇ ಹೇಳುತ್ತದೆ. ಅಪರಾಧಕ್ಕೆ ಬಲಿಯಾದವರ ಪರಿಹಾರ ನಿಧಿ, ಮಕ್ಕಳ ರಕ್ಷಣೆ, ಮನೆಯೊಳಗಿನ ಹಿಂಸೆಯಿಂದ ಓಡಿಬಂದವರ ಆಶ್ರಯತಾಣ ಇವುಗಳ ಜೊತೆಗೆ, ಕೊನೆಯ ಗೆರೆಯಲ್ಲಿ ಮಾಜಿ ಸೈನಿಕರ ನ್ಯಾಯಾಲಯವೂ ಇತ್ತು. ತಪ್ಪು ಮಾಡಿದ ಮಾಜಿ ಸೈನಿಕರನ್ನು ಜೈಲಿನ ಬದಲು ಚಿಕಿತ್ಸೆಯ ದಾರಿಗೆ ಹಚ್ಚುವ ನ್ಯಾಯಾಲಯ ಅದು, ಆದರೆ ಅದೇನೆಂದು ಅಲ್ಲಿ ಯಾರೂ ಹೇಳಲಿಲ್ಲ. 'ಇಷ್ಟವಿದ್ದರೆ ಸಹಿ ಮಾಡಿ ಡಬ್ಬಿಗೆ ಹಾಕಿ' ಎಂಬ ಒಂದೇ ಮಾತು ಧ್ವನಿವರ್ಧಕದಲ್ಲಿ ಕೇಳಿಸಿತು. ನಾನು ಆ ಗೆರೆಗೆ ಗುರುತು ಹಾಕಿ ಸಹಿ ಮಾಡಿದೆ. ಪಕ್ಕದ ಪ್ಲಂಬರ್ ಮಾಡಲಿಲ್ಲ. ಒಂದು ದಿನದ ದುಡಿಮೆ ಕಳೆದುಕೊಂಡು ಬಂದವರು ಅವರು, ಆ ಇಪ್ಪತ್ತು ಡಾಲರ್ ಅವರದೇ ಹಕ್ಕು. ಈ ದಾನ ಯಾರ ಮೇಲೂ ಮುಜುಗರದ ಹೊರೆಯಾಗಬಾರದು.

ನಾನು ಸಹಿ ಹಾಕಿದ್ದಕ್ಕೆ ಕಾರಣ ಬೆಳಗಾವಿಯಲ್ಲಿದೆ.

ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರವಿರುವ ಊರು ನಮ್ಮದು. ಓಣಿಗೆ ನಾಲ್ಕು ಮನೆಯಾದರೂ ಮಿಲಿಟರಿಯವರದು. ನಮ್ಮ ಎದುರು ಮನೆಯಲ್ಲಿದ್ದವರನ್ನು ನಾವೆಲ್ಲ ಸುಬೇದಾರ ಕಾಕಾ ಎನ್ನುತ್ತಿದ್ದೆವು. ಡಿಸೆಂಬರ್ 7ರ ಧ್ವಜ ದಿನದಂದು ಶಾಲೆಗೆ ಅವರೇ ಅತಿಥಿ. ನಾವು ಡಬ್ಬಿಗೆ ನಾಲ್ಕಾಣೆ, ಎಂಟಾಣೆ ಹಾಕಿ ಅಂಗಿಗೆ ಕಾಗದದ ಧ್ವಜ ಚುಚ್ಚಿಕೊಳ್ಳುತ್ತಿದ್ದೆವು. ಅದೇ ಕಾಕಾ ನಡುರಾತ್ರಿ ಕೂಗಿಕೊಂಡು ಏಳುವುದು ಓಣಿಗೆಲ್ಲ ಕೇಳಿಸುತ್ತಿತ್ತು. ಕುಡಿತ ಹೆಚ್ಚಿತು. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ಏನೋ ಮಾತಿಗೆ ಒಬ್ಬ ಹುಡುಗನನ್ನು ಹಿಗ್ಗಾಮುಗ್ಗಾ ಹೊಡೆದರು. ಠಾಣೆಗೆ ಹೋದ ಹಿರಿಯರು 'ದೇಶ ಕಾದವರು, ಬಿಟ್ಟುಬಿಡಿ' ಎಂದರು, ಪೊಲೀಸರು ಬಿಟ್ಟರು. ಎಲ್ಲರೂ ಅದನ್ನು ಗೌರವವೆಂದೇ ತಿಳಿದೆವು. ಆದರೆ ಹೊಡೆಸಿಕೊಂಡ ಹುಡುಗನಿಗೆ ನ್ಯಾಯ ಸಿಗಲಿಲ್ಲ, ಕಾಕಾಗೆ ಚಿಕಿತ್ಸೆ ಸಿಗಲಿಲ್ಲ. ಮೂರು ವರ್ಷದಲ್ಲಿ ಅವರು ತೀರಿಕೊಂಡರು. ನಾವು ಅವರನ್ನು ಬಿಡಿಸಿಕೊಂಡು ಬಂದೆವು, ಆಮೇಲೆ ಕೈಬಿಟ್ಟೆವು.

ಇಲ್ಲಿನ ಮಾಜಿ ಸೈನಿಕರ ನ್ಯಾಯಾಲಯ ಈ ಎರಡನ್ನೂ ಮಾಡುವುದಿಲ್ಲ. 2008ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ನ್ಯಾಯಾಧೀಶ ರಾಬರ್ಟ್ ರಸೆಲ್ ಇದಕ್ಕೆ ಈಗಿನ ರೂಪ ಕೊಟ್ಟರು. ಮಾದಕ ವ್ಯಸನಿಗಳ ಮತ್ತು ಮಾನಸಿಕ ಕಾಯಿಲೆಯವರ ಪ್ರಕರಣಗಳನ್ನು ನೋಡುತ್ತಿದ್ದ ಅವರ ಮುಂದೆ ಸೈನ್ಯದಲ್ಲಿದ್ದವರೇ ಮತ್ತೆ ಮತ್ತೆ ಬಂದು ನಿಲ್ಲುತ್ತಿದ್ದರು. ಅವರಲ್ಲಿ ವಿಯೆಟ್ನಾಂನಲ್ಲಿ ಹೋರಾಡಿದ ಒಬ್ಬರು ತಲೆ ತಗ್ಗಿಸಿ ನಿಂತು ಯಾವುದಕ್ಕೂ ಸರಿಯಾಗಿ ಉತ್ತರಿಸುತ್ತಿರಲಿಲ್ಲ. ಸೈನ್ಯದಲ್ಲಿದ್ದು ಬಂದಿದ್ದ ಇಬ್ಬರನ್ನು ರಸೆಲ್ ಆ ಆರೋಪಿಯೊಡನೆ ಮಾತಾಡಲು ಹೊರಗೆ ಕಳುಹಿಸಿದರು. ಸ್ವಲ್ಪ ಹೊತ್ತಿನಲ್ಲಿ ಆ ಮನುಷ್ಯ ನೆಟ್ಟಗೆ ನಿಂತು ನ್ಯಾಯಾಧೀಶರ ಕಣ್ಣು ನೋಡಿ ಮಾತಾಡಿದರಂತೆ. ಈ ಪದ್ಧತಿಯ ಜೀವಾಳ ಇಲ್ಲಿದೆ. ಆರೋಪಿಯ ಬೆನ್ನಿಗೆ ಅವನಂತೆಯೇ ಸಮವಸ್ತ್ರ ತೊಟ್ಟಿದ್ದ ಒಬ್ಬ ಸ್ವಯಂಸೇವಕ ನಿಲ್ಲುತ್ತಾನೆ.

ಟೆಕ್ಸಾಸ್ 2009ರಲ್ಲಿ ಇದಕ್ಕೆ ಕಾನೂನು ಮಾಡಿತು. ಸೇವೆಯಲ್ಲಿ ಬಂದ ಮಿದುಳಿನ ಗಾಯವೋ ಮನೋಆಘಾತವೋ ಅಪರಾಧಕ್ಕೆ ಕಾರಣವಾಗಿದ್ದರೆ, ಸರ್ಕಾರಿ ವಕೀಲರೂ ಒಪ್ಪಿದರೆ, ಪ್ರಕರಣ ಇತ್ತ ಬರುತ್ತದೆ. ಆಮೇಲೆ ತಿಂಗಳುಗಟ್ಟಲೆ ಚಿಕಿತ್ಸೆ, ಪರೀಕ್ಷೆ, ನ್ಯಾಯಾಧೀಶರ ಮುಂದೆ ಪದೇ ಪದೇ ಹಾಜರಿ. ಜೈಲಿನಲ್ಲಿ ದಿನ ಕಳೆಯುವುದೇ ಸುಲಭ ಎನ್ನಿಸುವಷ್ಟು ಕಟ್ಟುನಿಟ್ಟು.

ಜ್ಯೂರಿ ಹಣ ಇಲ್ಲಿಗೆ ಹೋಗುವುದರಲ್ಲಿ ಒಂದು ಔಚಿತ್ಯವಿದೆ ಎಂದು ನನಗೆ ಅನ್ನಿಸಿದ್ದು ಜಾರ್ಜ್ ಪೋರ್ಟರ್ ಪ್ರಕರಣ ಓದಿದಾಗ. ಕೊರಿಯಾ ಯುದ್ಧದಲ್ಲಿ ಗಾಯಗೊಂಡಿದ್ದ ಆತ ಮುಂದೆ ಫ್ಲಾರಿಡಾದಲ್ಲಿ ಕೊಲೆ ಮಾಡಿ ಮರಣದಂಡನೆಗೆ ಗುರಿಯಾದ. ಪೋರ್ಟರ್ ರಣರಂಗದಲ್ಲಿ ಏನೆಲ್ಲ ಅನುಭವಿಸಿದ್ದ ಎಂಬುದನ್ನು ಅವನ ವಕೀಲ ಜ್ಯೂರಿಗೆ ತಿಳಿಸಿಯೇ ಇರಲಿಲ್ಲ. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಗಂಭೀರ ಲೋಪವೆಂದು ಹೇಳಿತು. ಜ್ಯೂರಿಯ ಆಸನದಲ್ಲಿ ಕೂರುವವರು ನಮ್ಮಂಥ ಸಾಮಾನ್ಯರು. ಸೈನಿಕನನ್ನು ಯುದ್ಧಕ್ಕೆ ಕಳುಹಿಸುವ ಸರ್ಕಾರವನ್ನು ಆರಿಸುವವರೂ ನಾವೇ. ಅವನು ಮನಸ್ಸು ಒಡೆದು ಹಿಂದಿರುಗಿದಾಗ ತೀರ್ಪು ಕೊಡುವುದಷ್ಟೇ ನಮ್ಮ ಪಾಲಿಗೆ ಉಳಿಯಬಾರದು.

ಭಾರತದಲ್ಲಿ ಜ್ಯೂರಿ ಎಂದರೆ ಹಿರಿಯರಿಗೆ ನೆನಪಾಗುವುದು ನಾನಾವತಿ. 1959ರಲ್ಲಿ ಪತ್ನಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ಆ ನೌಕಾಪಡೆಯ ಅಧಿಕಾರಿಯನ್ನು ಮುಂಬಯಿಯ ಜ್ಯೂರಿ ಎಂಟಕ್ಕೆ ಒಂದು ಮತದಿಂದ ನಿರ್ದೋಷಿ ಎಂದಿತು, ಹೈಕೋರ್ಟ್ ಅದನ್ನು ತಳ್ಳಿಹಾಕಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ ಹೊತ್ತಿಗೆ ನಮ್ಮ ಅಪರಾಧ ನ್ಯಾಯಾಲಯಗಳಲ್ಲಿ ಜ್ಯೂರಿಯೇ ಇಲ್ಲವಾಯಿತು. ಸಮವಸ್ತ್ರಕ್ಕೆ ಮನಸೋತು ತಪ್ಪನ್ನು ಮರೆಯುವುದು ಅಂದಿನ ಮುಂಬಯಿಯಲ್ಲೂ ಇತ್ತು, ನಮ್ಮ ಓಣಿಯಲ್ಲೂ ಇತ್ತು. ಜ್ಯೂರಿ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಅಪರಾಧಿಯನ್ನು ಜೈಲಿಗೆ ಹಾಕದೆ ನಿಗಾದಲ್ಲಿ ಬಿಡಲು ಅವಕಾಶ ಕೊಡುವ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ನಮ್ಮಲ್ಲಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಎಷ್ಟೋ ಊರುಗಳಲ್ಲಿ ಮಾಜಿ ಸೈನಿಕರ ಸಂಘಗಳಿವೆ. ಈ ಮೂರನ್ನು ಬೆಳಗಾವಿಯ ಒಂದು ನ್ಯಾಯಾಲಯದಲ್ಲಿ ಕೂಡಿಸಿ ನೋಡಲು ಯಾವ ಡಾಲರ್ ಬೇಕು?

ನ್ಯಾಯಾಲಯ ದಾನದ ಹಣದಲ್ಲಿ ನಡೆಯಬಾರದು ಎಂಬ ಆಕ್ಷೇಪ ಸರಿಯಾದದ್ದೇ. ನ್ಯಾಯಾಧೀಶರ ಸಂಬಳ, ವೈದ್ಯರ ಖರ್ಚು ಖಜಾನೆಯಿಂದಲೇ ಬರಬೇಕು. ದಾನ ಬಂತೆಂದು ಬಜೆಟ್ ಕತ್ತರಿಸಿದರೆ ನಾನೇ ಮೊದಲು ವಿರೋಧಿಸುತ್ತೇನೆ. ಆದರೆ ಕುಡಿದು ವಾಹನ ಓಡಿಸಿ ಲೈಸೆನ್ಸ್ ಕಳೆದುಕೊಂಡವನು ಬಸ್ಸೇ ಇಲ್ಲದ ಊರಿನಿಂದ ನ್ಯಾಯಾಲಯಕ್ಕೆ ಹೇಗೆ ಬರಬೇಕು? ಒಂದು ಹಾಜರಿ ತಪ್ಪಿದರೂ ತೊಂದರೆ. ಅಂಥ ಸಣ್ಣ ಖರ್ಚುಗಳಿಗೆ ಈ ಹಣ ಹೋಗಲಿ, ಹೋದದ್ದರ ಲೆಕ್ಕವನ್ನು ಕೌಂಟಿ ವರ್ಷಕ್ಕೊಮ್ಮೆ ಅದೇ ಹಾಲ್‌ನ ಗೋಡೆಗೆ ಅಂಟಿಸಲಿ. ಫಾರಂ ಹಂಚುವಾಗ ಎರಡು ನಿಮಿಷ ವಿವರಿಸಲಿ. ಇದನ್ನೇ ಕೌಂಟಿಗೆ ಪತ್ರದಲ್ಲಿ ಬರೆದಿದ್ದೇನೆ.

ಮೊನ್ನೆ ನನ್ನ ಹೆಂಡತಿಗೂ ಸಮನ್ಸ್ ಬಂದಿದೆ, ಮುಂದಿನ ಸೋಮವಾರ ಹಾಜರಾಗಬೇಕು. ಅವಳಿಗೆ ಸುಬೇದಾರ ಕಾಕಾ ಗೊತ್ತಿಲ್ಲ. ನಿನ್ನೆ ರಾತ್ರಿ ಊಟವಾದ ಮೇಲೆ ಅವರ ಕಥೆಯನ್ನು ಪೂರ್ತಿ ಹೇಳಿದೆ.